ಕ್ಯಾಸಲ್ ಸ್ಟ್ರೀಟಿನ ಸಾಹುಕಾರರು

ಗಾಂಧೀಜಿಯವರ ಆತ್ಮಕಥೆಯನ್ನು ಓದಿದ ಕನ್ನಡಿಗರಿಗೆ ಜಾನ್ ರಸ್ಕಿನ್ನನ ಹೆಸರು ಅಪರಿಚಿತವಾದುದಲ್ಲ. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ, ಮಿತ್ರ ಹೆನ್ರಿ ಪೋಲಕ್ ನಿಲ್ದಾಣದಲ್ಲಿ ಕೈಗಿತ್ತ ‘ಅನ್‌ಟು ದಿಸ್ ಲಾಸ್ಟ್’ ಎಂಬ ಚಿಕ್ಕ ಪುಸ್ತಕವನ್ನು ಅವರು ಹಿಡಿದ ಮೇಲೆ ಕೆಳಗಿಡಲಾರದೆ ಓದಿ ಮುಗಿಸಿ, ಊರು ಸೇರಿದ ರಾತ್ರಿಯನ್ನು ನಿದ್ದೆಯಿಲ್ಲದೆ ಕಳೆದು, ತಮ್ಮ ಜೀವನಕ್ರಮವನ್ನೇ ಮಾರ್ಪಡಿಸಿಕೊಳ್ಳುವ ಸಂಕಲ್ಪವನ್ನು ಕೈಕೊಂಡುದೂ, ಮುಂದೆ ಅದನ್ನು ‘ಸರ್ವೋದಯ’ವೆಂಬ ಹೆಸರಿನಿಂದ ಗುಜರಾತಿಯಲ್ಲಿ ಸಂಗ್ರಹಿಸಿದುದೂ ಪ್ರಸಿದ್ಧವಾದ ಸಂಗತಿಗಳು. ಆ ಪುಸ್ತಕದ ಮೊದಲನೆಯ ಪ್ರಬಂಧದಲ್ಲಿ ವರ್ತಕನ ಧರ್ಮವೇನೆಂಬ ಜಿಜ್ಞಾಸೆಯುಂಟು. ದೇಶವನ್ನು ಕಾಯುವುದು ಯೋಧನ ಕರ್ತವ್ಯವಾದರೆ, ಆರೋಗ್ಯವನ್ನು ಕಾಯುವುದು ವೈದ್ಯನ ಕರ್ತವ್ಯವಾದರೆ, ಜನಕ್ಕೆ ಬೇಕಾದುದನ್ನು ಒದಗಿಸುವುದೇ ವರ್ತಕನ ಕರ್ತವ್ಯವೆಂದೂ, ವೈದ್ಯನಿಗೆ ಸಂಭಾವನೆಯು ಹೇಗೋ ವರ್ತಕನಿಗೆ ಲಾಭವೂ ಹಾಗೆಯೇ ಆನುಷಂಗಿಕವೆಂದೂ, ಸಮಯ ಬಂದಾಗ ಆ ಕರ್ತವ್ಯಕ್ಕಾಗಿ ಸರ್ವಸ್ವವನ್ನೂ ತೆರಲು ಅವನು ಸಿದ್ಧನಾಗಿರಬೇಕೆಂದೂ ರಸ್ಕಿನ್ ಅಲ್ಲಿ ವಾದಿಸಿದ್ದಾನೆ.

ಈ ಪ್ರಬಂಧಗಳು ಪತ್ರಿಕೆಯಲ್ಲಿ ಪ್ರಕಟವಾದುದು 1860ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1858ರಲ್ಲಿ, ರಸ್ಕಿನ್ನನ ಬಾಳಿನಲ್ಲಿ ರೋಸ್ ಲಾ ಟೂಶ್ ಎಂಬ ಹತ್ತು ವರ್ಷದ ಬಾಲಕಿಯ ಪ್ರವೇಶವಾಯಿತು. ಮಕ್ಕಳಿಗೆ ಚಿತ್ರಕಲೆಯಲ್ಲಿ ಮಾರ್ಗದರ್ಶನ ಬೇಕೆಂದು ಆಕೆಯ ತಾಯಿ ಅವನನ್ನು ಕೇಳಿಕೊಂಡಿದ್ದಳು. ಅಲ್ಲಿಂದ ಮೊದಲಾದ ಅವನ ವಾತ್ಸಲ್ಯವು ಮುಂದೆ ವಯಸ್ಸಿನ ಅಂತರವನ್ನೂ ಮತದ ಅಂತರವನ್ನೂ ದಾಟಲಾರದ ಪ್ರೇಮವಾಗಿ, 1875ರಲ್ಲಿ ಆಕೆ ಇಪ್ಪತ್ತೇಳರ ಹರೆಯದಲ್ಲಿ ತೀರಿಕೊಂಡಾಗ ಅವನ ಮನಸ್ಸಿನ ಸಮತೆಯನ್ನೇ ಕದಡಿದ ಮಹಾದುಃಖವಾಗಿ ಪರಿಣಮಿಸಿತು. ಈ ರೋಸ್ ಯಾರ ಮಗಳು, ಯಾವ ಮನೆತನದವಳು ಎಂದು ವಿಚಾರಿಸುತ್ತ ಹೋದಾಗ, ಆಕೆ ಐರ್ಲೆಂಡಿನ ಅತ್ಯಂತ ಪ್ರಸಿದ್ಧವಾದ ಪ್ರೊಟೆಸ್ಟೆಂಟ್ ಸಾಹುಕಾರರ ವಂಶದ ಕುಡಿಯೆಂದು ತಿಳಿದು, ನನ್ನ ಕುತೂಹಲವು ಇಮ್ಮಡಿಯಾಯಿತು. ವರ್ತಕಧರ್ಮದ ಆದರ್ಶವನ್ನು ಅಷ್ಟು ಉಜ್ಜ್ವಲವಾಗಿ ಬರೆದವನ ಹೃದಯವನ್ನು ತುಂಬಿದವಳು ವರ್ತಕರ ಮನೆಯ ಹುಡುಗಿಯೇ ಆಗಿದ್ದಳು. ಆ ಮನೆತನದ ವ್ಯಾಪಾರವು ಯಾವ ಧರ್ಮದ ಮೇಲೆ ನಿಂತಿದ್ದಿತು ಎಂಬುದನ್ನು ತಿಳಿಯಬೇಕೆಂಬ ಆಸೆಯಿಂದಲೇ ನಾನು ಡಬ್ಲಿನ್ನಿಗೆ ಹೋದೆನು.

ಡಬ್ಲಿನ್ ನಗರದ ಅತಿ ಪುರಾತನವಾದ ಭಾಗದಲ್ಲಿ, ಬ್ರಿಟಿಷ್ ರಾಜಪ್ರತಿನಿಧಿಗಳು ಶತಮಾನಗಳ ಕಾಲ ಆಳಿದ ಕೋಟೆಯ ಮಗ್ಗುಲಿಗೂ ಕ್ರೈಸ್ಟ್ ಚರ್ಚ್ ಮಹಾದೇವಾಲಯದ ಸಮೀಪಕ್ಕೂ ಹಾಯುವ ಇಕ್ಕಟ್ಟಾದ ಬೀದಿಯೇ ಕ್ಯಾಸಲ್ ಸ್ಟ್ರೀಟ್. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಜಮೀನುದಾರರೂ ಅಧಿಕಾರಿಗಳೂ ತಮ್ಮ ಹಣವನ್ನಿಡಲು ನಂಬಿ ಬರುತ್ತಿದ್ದ ಲಾ ಟೂಶರ ಬ್ಯಾಂಕು ಇಲ್ಲಿಯೇ ಇದ್ದಿತು. ಇಂದು ಆ ಕಟ್ಟಡವಿಲ್ಲ. ಕಳೆದ ಶತಮಾನದ ನಡುವೆ ಅದನ್ನು ಕೆಡವಿದಾಗ, ಅದರ ಒಂದು ಕೋಣೆಯ ಮೇಲ್ಛಾವಣಿಯಲ್ಲಿದ್ದ ಗಾರೆಯ ಉಬ್ಬುಚಿತ್ರವನ್ನು ಮಾತ್ರ ಜೋಪಾನವಾಗಿ ಬಿಡಿಸಿ ಬ್ಯಾಂಕ್ ಆಫ್ ಐರ್ಲೆಂಡಿನ ಕಟ್ಟಡದಲ್ಲಿ ಅಳವಡಿಸಿದರು. ಆದರೂ ಆ ಬೀದಿಯಲ್ಲಿ ನಿಂತವನಿಗೆ ಸ್ಥಳದ ಔಚಿತ್ಯವು ತಾನಾಗಿ ವೇದ್ಯವಾಗುತ್ತದೆ. ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಮತ. ಇವೆರಡರ ನಡುವೆ, ಎರಡಕ್ಕೂ ಕೂಗಳತೆಯಲ್ಲಿ, ಹಣದ ಮನೆ. ಐರ್ಲೆಂಡಿನ ಪ್ರೊಟೆಸ್ಟೆಂಟ್ ವರ್ತಕವರ್ಗದ ಇಡೀ ಚರಿತ್ರೆಯನ್ನು ಈ ಪುಟ್ಟ ಬೀದಿಯು ತನ್ನ ನಿಲುವಿನಿಂದಲೇ ಹೇಳುವಂತಿದೆ.

ಈ ವಂಶದ ಮೂಲಪುರುಷನಾದ ಡೇವಿಡ್ ಡಿಗ್ಗಸ್ ಲಾ ಟೂಶ್ ಐರಿಷನೂ ಅಲ್ಲ, ಇಂಗ್ಲಿಷನೂ ಅಲ್ಲ. ಫ್ರಾನ್ಸಿನ ಲ್ವಾರ್ ನದಿಯ ತೀರದ ಬ್ಲ್ವಾ ಪಟ್ಟಣದ ಹತ್ತಿರ 1671ರಲ್ಲಿ, ಸಾಕಷ್ಟು ಭೂಸ್ಥಿತಿಯಿದ್ದ ಒಂದು ಮನೆಯಲ್ಲಿ ಅವನು ಹುಟ್ಟಿದನು. ಅವನ ಮನೆಯವರು ಹ್ಯೂಗೆನಾಟರು, ಅಂದರೆ ಫ್ರಾನ್ಸಿನ ಪ್ರೊಟೆಸ್ಟೆಂಟರು. 1598ರಲ್ಲಿ ನಾಂತ್ ಪಟ್ಟಣದ ರಾಜಾಜ್ಞೆಯಿಂದ ಅವರಿಗೆ ದೊರೆತಿದ್ದ ಮತಸ್ವಾತಂತ್ರ್ಯವನ್ನು 1685ರಲ್ಲಿ ಹದಿನಾಲ್ಕನೆಯ ಲೂಯಿ ರದ್ದುಮಾಡಿದಾಗ, ಅವರ ದೇವಾಲಯಗಳನ್ನು ನೆಲಸಮಮಾಡಿದರು. ಬೋಧಕರನ್ನು ಗಡಿಯಾಚೆಗೆ ಅಟ್ಟಿದರು. ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷೆಯನ್ನು ಕೊಡಿಸಲೇಬೇಕೆಂದು ವಿಧಿಸಿದರು. ದೇಶ ಬಿಟ್ಟು ಓಡುವವರು ಸಿಕ್ಕಿಬಿದ್ದರೆ ಗಂಡಸರನ್ನು ಹಡಗಿನ ಹುಟ್ಟುಹಾಕುವ ಘೋರಶಿಕ್ಷೆಗೆ ಗುರಿಪಡಿಸಿದರು. ಇಷ್ಟಾದರೂ ಎರಡು ಲಕ್ಷದಷ್ಟು ಜನ ಮನೆಮಠಗಳನ್ನು ತೊರೆದು ಹಾಲೆಂಡು, ಇಂಗ್ಲೆಂಡು, ಜರ್ಮನಿಗಳಿಗೆ ತಪ್ಪಿಸಿಕೊಂಡು ಹೋದರೆಂದು ಚರಿತ್ರಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ಒಬ್ಬನಾದ ತರುಣ ಡೇವಿಡ್ ಹಾಲೆಂಡನ್ನು ಸೇರಿ, ಆರೆಂಜಿನ ವಿಲಿಯಮ್ಮನ ಸೈನ್ಯದಲ್ಲಿ ನಿಂತು, 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಡದಲ್ಲಿ ಕ್ಯಾಥೊಲಿಕ್ ದೊರೆ ಜೇಮ್ಸನ ವಿರುದ್ಧ ಕಾದಿದನು. ಅವನಿದ್ದ ಹ್ಯೂಗೆನಾಟ್ ಪಟಾಲಮ್ಮಿನ ನಾಯಕನಾದ ಕೈಮೊಟ್ ಆ ಯುದ್ಧದಲ್ಲಿಯೇ ಮಡಿದನು. ಗೆದ್ದ ಪಕ್ಷದಲ್ಲಿದ್ದ ಆ ನಿರಾಶ್ರಿತ ಸೈನಿಕನು ಕಾಳಗ ಮುಗಿದ ಮೇಲೆ, ಹಿಂದಿರುಗಲು ಮನೆಯೆಂಬುದಿಲ್ಲದ ಕಾರಣ, ಗೆದ್ದ ನಾಡಿನಲ್ಲಿಯೇ ಉಳಿದನು.

ಅವನಂತಹ ಸಾವಿರಾರು ಜನ ಐರ್ಲೆಂಡಿಗೆ ಬಂದರು. ಅವರ ಹೆಜ್ಜೆಗುರುತುಗಳನ್ನು ಡಬ್ಲಿನ್ನಿನಲ್ಲಿ ಹುಡುಕುವುದು ಕಷ್ಟವಲ್ಲ. ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ದೊಡ್ಡ ಉದ್ಯಾನದ ಮೂಲೆಯಿಂದ ನಾಲ್ಕು ಹೆಜ್ಜೆ ನಡೆದರೆ ಮೆರಿಯನ್ ರೋ ಎಂಬಲ್ಲಿ, ದೊಡ್ಡ ಕಟ್ಟಡಗಳ ನಡುವೆ ಕಬ್ಬಿಣದ ಕಟಕಟೆಯ ಹಿಂದೆ, 1693ರಲ್ಲಿ ಮೊದಲಾದ ಹ್ಯೂಗೆನಾಟ್ ಸ್ಮಶಾನವಿದೆ. ಅಲ್ಲಿ ಮಣ್ಣಾದ ಮನೆತನಗಳ ಫ್ರೆಂಚ್ ಹೆಸರುಗಳನ್ನು ಗೋಡೆಯ ಫಲಕದಲ್ಲಿ ಕೆತ್ತಿದ್ದಾರೆ. ಸೇಂಟ್ ಪ್ಯಾಟ್ರಿಕ್ ಮಹಾದೇವಾಲಯದಲ್ಲಿ ಮೇರಿಮಾತೆಯ ಹೆಸರಿನ ಗುಡಿಯನ್ನು ಅವರ ಪ್ರಾರ್ಥನೆಗೆಂದು ಬಿಟ್ಟುಕೊಟ್ಟಿದ್ದರು. 1816ರವರೆಗೆ ಅಲ್ಲಿ ಫ್ರೆಂಚ್ ಭಾಷೆಯಲ್ಲಿ ಆರಾಧನೆ ನಡೆಯುತ್ತಿದ್ದಿತು. ಅದರ ಬಳಿಯಲ್ಲಿಯೇ 1707ರಲ್ಲಿ ಸ್ಥಾಪಿತವಾದ ಮಾರ್ಷ್ ಗ್ರಂಥಾಲಯವುಂಟು. ಲಾ ರೊಶೆಲ್ ಪಟ್ಟಣದಿಂದ ಪಲಾಯನಮಾಡಿದ ಎಲಿ ಬೂಹೆರೋ ಎಂಬ ವೈದ್ಯನು ಅದರ ಮೊದಲನೆಯ ಗ್ರಂಥಪಾಲಕ. ಪ್ರಾಣ ಉಳಿಸಿಕೊಂಡು ಓಡುವವನು ಆಭರಣವನ್ನಲ್ಲ, ಹೊನ್ನನ್ನಲ್ಲ, ತನ್ನ ಪುಸ್ತಕಗಳನ್ನೂ ತನ್ನ ಊರಿನ ಪ್ರೊಟೆಸ್ಟೆಂಟ್ ಸಭೆಯ ದಾಖಲೆಗಳನ್ನೂ ಉಳಿಸಿಕೊಂಡು ತಂದನು. ಕಪ್ಪಾದ ಓಕ್ ಮರದ ಕಪಾಟುಗಳ ನಡುವೆ ಇಂದಿಗೂ ಇರುವ ಅವನ ಪುಸ್ತಕಗಳನ್ನು ನೋಡಿದಾಗ, ನೆಲವನ್ನು ಕಳೆದುಕೊಂಡ ಸಮಾಜಕ್ಕೆ ಕಾಗದವೇ ನೆಲವಾಗುತ್ತದೆಂಬ ಭಾವನೆಯು ನನ್ನಲ್ಲಿ ದೃಢವಾಯಿತು.

ಡೇವಿಡ್ ಲಾ ಟೂಶ್ ಡಬ್ಲಿನ್ನಿನಲ್ಲಿ ಹಿಡಿದ ಮೊದಲ ಉದ್ಯೋಗ ಬಟ್ಟೆಯದು. ರೇಷ್ಮೆಯ ಹಾಸಿಗೆ ಉಣ್ಣೆಯ ಹೊಕ್ಕನ್ನು ಕೂಡಿಸಿ ನೆಯ್ಯುವ ಪಾಪ್ಲಿನ್ ಎಂಬ ವಸ್ತ್ರವು ಹ್ಯೂಗೆನಾಟರ ಕೈಚಳಕದಿಂದಲೇ ಅಲ್ಲಿ ಪ್ರಖ್ಯಾತವಾಯಿತು. ಕೋಟೆಗೋಡೆಯ ಹೊರಗಿನ ಲಿಬರ್ಟೀಸ್ ಎಂಬ ಕೇರಿಯಲ್ಲಿ, ಕೂಮ್ ಎಂಬ ಬೀದಿಯ ಆಸುಪಾಸಿನಲ್ಲಿ, ಮಗ್ಗದ ಸದ್ದು ಒಂದು ಕಾಲಕ್ಕೆ ನಿರಂತರವಾಗಿದ್ದಿತು. ಈ ಬಟ್ಟೆಯ ವ್ಯಾಪಾರಿಯು ಲೇವಾದೇವಿಗೆ ತೊಡಗಿದ ಬಗೆಯನ್ನು ಮನೆತನದ ಪರಂಪರೆಯು ಹೀಗೆ ಹೇಳುತ್ತದೆ: ಅವನ ಹಳೆಯ ಸಂಗಡಿಗರಾದ ಹ್ಯೂಗೆನಾಟ್ ಸೈನಿಕರು ದಂಡಿನ ಸಂಗಡ ಊರೂರು ಅಲೆಯುವಾಗ, ಕೈಯಲ್ಲಿದ್ದ ಅಷ್ಟಿಷ್ಟು ಹಣವನ್ನು ಒಯ್ಯಲಾರದೆ, ತಮ್ಮವನೇ ಆದ, ನೆಲೆನಿಂತ ಅಂಗಡಿಯುಳ್ಳ ಡೇವಿಡ್ಡನಲ್ಲಿ ಇಟ್ಟು ಹೋಗುತ್ತಿದ್ದರು. ಬಡ್ಡಿಯ ಆಸೆಗಿಂತ, ಮರಳಿ ಬಂದಾಗ ಹಣ ಇದ್ದೇ ಇರುವುದೆಂಬ ನೆಮ್ಮದಿಯೇ ಅವರಿಗೆ ಬೇಕಾದುದು. ಹುಟ್ಟಿದೂರಿನಲ್ಲಿ ಸರ್ಕಾರವನ್ನು ನಂಬಿ ಕೆಟ್ಟವರು, ಪರದೇಶದಲ್ಲಿ ಒಬ್ಬ ಮನುಷ್ಯನನ್ನು ನಂಬಿದರು. ಬ್ಯಾಂಕಿನ ಮೂಲಧನವು ಚಿನ್ನವಲ್ಲ, ವಿಶ್ವಾಸವೆಂಬ ಮಾತನ್ನು ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಲಾ ಟೂಶರ ವಿಷಯದಲ್ಲಿ ಅದು ಅಕ್ಷರಶಃ ನಡೆದ ಸಂಗತಿ.

ಮುಂದೆ ನೆಥೇನಿಯಲ್ ಕೇನ್ ಎಂಬ ನಗರಪ್ರಮುಖನ ಪಾಲುದಾರಿಕೆಯಲ್ಲಿ ಹುಂಡಿಗಳ ವ್ಯವಹಾರವು ಬೆಳೆಯಿತು. ಹದಿನೆಂಟನೆಯ ಶತಮಾನದ ನಡುವಣ ದಶಕಗಳಲ್ಲಿ ಡಬ್ಲಿನ್ನಿನ ಹಲವು ಖಾಸಗಿ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲೆಳೆದುಕೊಂಡಾಗಲೂ ಕ್ಯಾಸಲ್ ಸ್ಟ್ರೀಟಿನ ಬಾಗಿಲು ತೆರೆದೇ ಇದ್ದಿತು. 1778ರಲ್ಲಿ ಸರ್ಕಾರದ ಬೊಕ್ಕಸವೇ ಬರಿದಾದಾಗ, ರಾಜಪ್ರತಿನಿಧಿಯು ಸಾಲಕ್ಕಾಗಿ ಕೈಚಾಚಿದುದು ಈ ಮನೆಯವರ ಮುಂದೆ. ಅವರು 20,000 ಪೌಂಡುಗಳನ್ನು ಒದಗಿಸಿದರು. ಮೂಲಪುರುಷನು ಈ ವೈಭವದ ಪೂರ್ಣೋದಯವನ್ನು ಕಾಣಲಿಲ್ಲ. 1745ರಲ್ಲಿ, ಕೋಟೆಯೊಳಗಿನ ಗುಡಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗಲೇ ಅವನ ಪ್ರಾಣ ಹೋಯಿತು. ಯಾವ ಪ್ರಾರ್ಥನೆಗಾಗಿ ಹದಿಹರೆಯದಲ್ಲಿ ದೇಶವನ್ನು ಬಿಟ್ಟನೋ ಆ ಪ್ರಾರ್ಥನೆಯಲ್ಲಿಯೇ ಅವನು ದೇಹವನ್ನು ಬಿಟ್ಟನೆಂಬುದು, ಅವನ ವಂಶದ ಮುಂದಿನ ಚರಿತ್ರೆಯನ್ನು ಅಳೆಯಲು ನನಗೊಂದು ಮಾನದಂಡವಾಯಿತು.

ವಂಶಾವಳಿಯನ್ನು ಶೋಧಿಸುವವನಿಗೆ ಡಬ್ಲಿನ್ನಿನಲ್ಲಿ ಹೆನ್ರಿಯೆಟ್ಟಾ ಸ್ಟ್ರೀಟಿನ ಪತ್ರನೋಂದಣಿ ಕಚೇರಿಯಂತಹ ಪುಣ್ಯಸ್ಥಳವು ಬೇರೊಂದಿಲ್ಲ. 1708ರಲ್ಲಿ ಕೆಲಸವನ್ನು ಪ್ರಾರಂಭಿಸಿದ ಈ ಕಚೇರಿಯಲ್ಲಿ ಕ್ರಯಪತ್ರ, ಗುತ್ತಿಗೆಪತ್ರ, ಅಡಮಾನಪತ್ರ, ವಿವಾಹಕಾಲದ ಆಸ್ತಿಕರಾರು, ಕೆಲವು ಉಯಿಲುಗಳು, ಇವುಗಳ ಸಾರಾಂಶವನ್ನು ಪಕ್ಷಗಾರರಲ್ಲೊಬ್ಬನ ರುಜುವಿನೊಡನೆಯೂ ಸಾಕ್ಷಿಗಳ ರುಜುವಿನೊಡನೆಯೂ ಸಲ್ಲಿಸುತ್ತಿದ್ದರು. ಗುಮಾಸ್ತನು ಅದನ್ನು ದೊಡ್ಡ ಪುಸ್ತಕದಲ್ಲಿ ನಕಲು ಮಾಡುತ್ತಿದ್ದನು. ಆ ಪುಸ್ತಕಗಳನ್ನು ಕಪಾಟಿನಿಂದ ಇಳಿಸುವುದಕ್ಕೆ ತೋಳ್ಬಲವೇ ಬೇಕು. ಕೊಟ್ಟವರ ಹೆಸರಿಗೆ ಅನುಕ್ರಮಣಿಕೆಯುಂಟು, ಕೊಂಡವರ ಹೆಸರಿಗಿಲ್ಲ. ಆದುದರಿಂದ ಒಂದು ಮನೆತನವು ಹೇಗೆ ಬೆಳೆಯಿತೆಂಬುದನ್ನು ತಿಳಿಯಬೇಕಾದರೆ, ಅದಕ್ಕೆ ನೆಲವನ್ನು ಮಾರಿದವರಾರೆಂಬುದನ್ನು ಮೊದಲು ಊಹಿಸಬೇಕಾಗುತ್ತದೆ. ವಿವಾಹದ ಕರಾರುಗಳಂತೂ ಶೋಧಕನಿಗೆ ನಿಧಿಯಿದ್ದಂತೆ. ವಧುವಿನ ತಂದೆ, ವರದಕ್ಷಿಣೆಯ ಮೊತ್ತ, ವಿಧವೆಯಾದರೆ ಸಲ್ಲಬೇಕಾದ ಜೀವನಾಂಶ, ನಂಬಿಕೆಯಿಂದ ನಿಯಮಿಸಿದ ಧರ್ಮದರ್ಶಿಗಳು, ಎಲ್ಲರೂ ಒಂದೇ ಹಾಳೆಯ ಮೇಲೆ ಬಂದು ನಿಲ್ಲುತ್ತಾರೆ. ಬ್ಯಾಂಕಿನ ವ್ಯವಹಾರದಲ್ಲಿ ಸಾಲಕ್ಕೆ ಈಡಾಗಿ ಬಂದ ಜಮೀನುಗಳ ಸಂಬಂಧದಲ್ಲಿಯೂ, ಮಕ್ಕಳ ಮದುವೆಗಳ ಸಂಬಂಧದಲ್ಲಿಯೂ ಲಾ ಟೂಶರ ಹೆಸರು ಇಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ; ಇದು ಬರಿಯ ಕಾನೂನಿನ ಒಣನುಡಿ; ಆದರೂ ಒಂದು ವಂಶವು ತಲೆಮಾರಿನಿಂದ ತಲೆಮಾರಿಗೆ ನೆಲವನ್ನು ಕೂಡಿಸುತ್ತ ಬಂದ ರೀತಿಯು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟು ಉಪಕಾರಿಯಾದ ಈ ಕಚೇರಿ ಹುಟ್ಟಿದುದೇಕೆ? ಅದನ್ನು ಸ್ಥಾಪಿಸಿದ ಕಾಯಿದೆಯ ಪೀಠಿಕೆಯೇ ಉತ್ತರವನ್ನು ಹೇಳುತ್ತದೆ: ಕೊಳ್ಳುವವರಿಗೆ ಭದ್ರತೆಯನ್ನು ಕೊಡುವುದಕ್ಕೆ, ಮತ್ತು ವಿಶೇಷವಾಗಿ ಕ್ಯಾಥೊಲಿಕರು ಮಾಡುವರೆಂದು ಆರೋಪಿಸಲಾದ ಖೋಟಾ ಪತ್ರಗಳನ್ನೂ ಗುಪ್ತದಾನಗಳನ್ನೂ ತಡೆಯುವುದಕ್ಕೆ. ಬಾಯ್ನ್ ಯುದ್ಧದ ಅನಂತರ ಐರ್ಲೆಂಡಿನ ಪ್ರೊಟೆಸ್ಟೆಂಟ್ ಪಾರ್ಲಿಮೆಂಟು, ದೇಶದ ಬಹುಸಂಖ್ಯಾತರಾದ ಕ್ಯಾಥೊಲಿಕರ ಮೇಲೆ ನಿರ್ಬಂಧದ ಮೇಲೆ ನಿರ್ಬಂಧವನ್ನು ಹೇರಿತು. 1704ರ ಕಾಯಿದೆಯಂತೆ ಕ್ಯಾಥೊಲಿಕನು ಭೂಮಿಯನ್ನು ಕೊಳ್ಳುವಂತಿಲ್ಲ. 31 ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಹಿಡಿಯುವಂತಿಲ್ಲ. ಅವನು ಸತ್ತರೆ ಇದ್ದ ಜಮೀನು ಗಂಡುಮಕ್ಕಳಲ್ಲಿ ಹರಿದು ಹಂಚಿಹೋಗಬೇಕು. ಹಿರಿಯ ಮಗನು ಮತವನ್ನು ಬದಲಿಸಿದರೆ ಮಾತ್ರ ಇಡಿಯಾಗಿ ಅವನಿಗೆ ಉಳಿಯಬಹುದು. ಈ ಕಾಯಿದೆಗಳ ಕಣ್ತಪ್ಪಿಸಿ ಯಾರೂ ನೆಲವನ್ನು ಉಳಿಸಿಕೊಳ್ಳಬಾರದೆಂಬ ಎಚ್ಚರಿಕೆಯು ಈ ನೋಂದಣಿಯ ಹಿಂದಿದ್ದಿತು. ಹಾಗಾಗಿ, ಪ್ರೊಟೆಸ್ಟೆಂಟ್ ವರ್ತಕನ ವಂಶವು ನಮಗಿಂದು ಇಷ್ಟು ಸುಲಭವಾಗಿ ದೊರೆಯುವುದಕ್ಕೂ, ಅವನ ನೆರೆಯ ಕ್ಯಾಥೊಲಿಕ್ ರೈತನ ವಂಶವು ಎರಡು ಮೂರು ತಲೆಮಾರಿನ ಹಿಂದಕ್ಕೆ ಕತ್ತಲೆಯಲ್ಲಿ ಕರಗಿಹೋಗುವುದಕ್ಕೂ ಕಾರಣವು ಒಂದೇ. ಗ್ರಾಮಾಂತರದ ಎಷ್ಟೋ ಕ್ಯಾಥೊಲಿಕ್ ಪ್ಯಾರಿಷ್ಷುಗಳಲ್ಲಿ ಜನನ ವಿವಾಹಗಳ ದಾಖಲೆಯು ಮೊದಲಾಗುವುದೇ ಹತ್ತೊಂಬತ್ತನೆಯ ಶತಮಾನದಲ್ಲಿ. ಅವರಿಗೆ ಪೂರ್ವಿಕರಿರಲಿಲ್ಲವೆಂದಲ್ಲ, ಬರೆದಿಡಲು ಆಸ್ತಿಯಿರಲಿಲ್ಲ.

ಆ ಕಚೇರಿಯ ಮೆಟ್ಟಿಲಿಳಿದು ಬರುತ್ತಿರುವಾಗ ನನ್ನ ನೆನಪಿಗೆ ಬಂದವರು ನಮ್ಮ ನಾಡಿನ ಹೆಳವರು. ಎತ್ತಿನ ಗಾಡಿಯಲ್ಲಿ ಊರೂರಿಗೆ ಬಂದು, ಒಕ್ಕಲಿಗನ ಅಂಗಳದಲ್ಲಿ ಕುಳಿತು, ಅವನ ಮನೆತನದ ಮೂಲಸ್ಥಳವೆಲ್ಲಿ, ಯಾವ ಬರದಲ್ಲಿ ಯಾವ ಊರನ್ನು ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಹಾಡಿ ಹೇಳಿ, ಧಾನ್ಯವನ್ನು ಪಡೆದು ಮುಂದಿನ ಮನೆಗೆ ಹೋಗುವ ಅವರ ವೃತ್ತಿಯಲ್ಲಿ ರೈತನಿಗೂ ವಂಶಾವಳಿಯ ಗೌರವವುಂಟು. ಐರ್ಲೆಂಡಿನಲ್ಲಿಯೂ ಗೇಲಿಕ್ ನಾಯಕರ ಆಶ್ರಯದಲ್ಲಿ ವಂಶಚರಿತ್ರೆಯನ್ನು ಕಂಠಸ್ಥವಾಗಿಯೂ ಗ್ರಂಥಸ್ಥವಾಗಿಯೂ ಕಾಪಾಡುವ ವಿದ್ವಾಂಸರ ಕುಲಗಳಿದ್ದುವು. ಹದಿನೇಳನೆಯ ಶತಮಾನದ ಯುದ್ಧಗಳಲ್ಲಿ ಆಶ್ರಯದಾತರೊಡನೆ ಆ ಪರಂಪರೆಯೂ ಮುರಿಯಿತು. ಉಳಿದುದು ನೋಂದಣಿಯ ಪುಸ್ತಕ.

ಆ ಬರಹಗಳಿಗೂ ಕಾಲವು ದಯೆ ತೋರಲಿಲ್ಲ. ಲಿಫಿ ನದಿಯ ದಡದಲ್ಲಿ ಹಸುರು ಗುಮ್ಮಟದಿಂದ ಶೋಭಿಸುವ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿ ಸಾರ್ವಜನಿಕ ದಾಖಲೆಗಳ ಭಂಡಾರವಿದ್ದಿತು. 1922ರ ಜೂನ್ 30ರಂದು, ಸ್ವತಂತ್ರ ಐರ್ಲೆಂಡಿನ ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಭಯಂಕರವಾದ ಸ್ಫೋಟವೂ ಬೆಂಕಿಯೂ ಆ ಭಂಡಾರವನ್ನು ಬೂದಿ ಮಾಡಿದುವು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳೂ, ಶತಮಾನಗಳ ಉಯಿಲುಗಳೂ, ರಾಜಮನ್ನಣೆಯ ಪ್ರೊಟೆಸ್ಟೆಂಟ್ ಚರ್ಚಿನ ಪ್ಯಾರಿಷ್ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವೂ ಅಲ್ಲಿ ನಾಶವಾದುವು. ಲಾ ಟೂಶರಂತಹ ಶ್ರೀಮಂತರ ಉಯಿಲುಗಳು ಸುಟ್ಟುಹೋದರೂ, ಹಿಂದಿನ ಶತಮಾನದಲ್ಲಿ ವಿಲಿಯಮ್ ಬೆಥಮ್ ಎಂಬ ರಾಜಲಾಂಛನಾಧಿಕಾರಿಯು ಉಯಿಲುಗಳಿಂದ ವಂಶವಿವರಗಳನ್ನು ಸಂಗ್ರಹಿಸಿಟ್ಟಿದ್ದ ಕೈಬರಹದ ಟಿಪ್ಪಣಿಗಳು ಉಳಿದು, ಶೋಧಕರಿಗೆ ದಾರಿದೀಪವಾಗಿವೆ. ಆ ದುರಂತಕ್ಕೆ ನೂರು ವರ್ಷ ತುಂಬಿದ 2022ರಲ್ಲಿ, ದೇಶವಿದೇಶಗಳ ಭಂಡಾರಗಳಲ್ಲಿದ್ದ ನಕಲುಗಳನ್ನು ಒಟ್ಟುಗೂಡಿಸಿ, ಸುಟ್ಟ ಭಂಡಾರವನ್ನು ಗಣಕದ ಮೂಲಕ ಮರಳಿ ಕಟ್ಟುವ ಯೋಜನೆಯೊಂದನ್ನು ಅಲ್ಲಿನ ವಿದ್ವಾಂಸರು ಜನಕ್ಕೆ ತೆರೆದುಕೊಟ್ಟಿದ್ದಾರೆ. ಕಳೆದುಹೋದ ಕಾಗದಕ್ಕಾಗಿ ಇಡೀ ಒಂದು ರಾಷ್ಟ್ರವು ತೋರುವ ಆ ಶ್ರದ್ಧೆಯನ್ನು ಕಂಡು ನನ್ನ ಮನಸ್ಸು ತುಂಬಿಬಂದಿತು.

ಕಾಲೇಜ್ ಗ್ರೀನ್ ಎಂಬಲ್ಲಿ, ಟ್ರಿನಿಟಿ ಕಾಲೇಜಿನ ಎದುರಿಗೆ, ಕಂಬಸಾಲುಗಳ ಭವ್ಯವಾದ ಕಟ್ಟಡವೊಂದಿದೆ. 1800ರ ವಿಲೀನದ ಕಾಯಿದೆಯಿಂದ ಐರಿಷ್ ಪಾರ್ಲಿಮೆಂಟು ಅಳಿಯುವವರೆಗೂ ಅದು ಪಾರ್ಲಿಮೆಂಟಿನ ಭವನವಾಗಿದ್ದು, ಆಮೇಲೆ ಬ್ಯಾಂಕ್ ಆಫ್ ಐರ್ಲೆಂಡಿನ ಮನೆಯಾಯಿತು. ಲಾ ಟೂಶ್ ವಂಶದ ಕಥೆಯು ಇಲ್ಲಿ ತನ್ನ ಶಿಖರವನ್ನೂ, ನನ್ನ ಭಾವನೆಯಲ್ಲಿ ತನ್ನ ಪರೀಕ್ಷೆಯನ್ನೂ ಮುಟ್ಟುತ್ತದೆ. 1783ರಲ್ಲಿ ಬ್ಯಾಂಕ್ ಆಫ್ ಐರ್ಲೆಂಡ್ ಸ್ಥಾಪಿತವಾದಾಗ ಅದರ ಮೊದಲನೆಯ ಗವರ್ನರ್ ಆದವನು ಮೂಲಪುರುಷನ ಮೊಮ್ಮಗ, ಮೂರನೆಯ ಡೇವಿಡ್ ಲಾ ಟೂಶ್. ಭವನದ ಹಿಂದಿನ ಪ್ರಭುಸಭೆಯ ಕೋಣೆಯನ್ನು ಇಂದಿಗೂ ಹಾಗೆಯೇ ಉಳಿಸಿದ್ದಾರೆ. ಅದರ ಗೋಡೆಯ ಮೇಲೆ ಡಬ್ಲಿನ್ನಿನ ನೇಕಾರರು ನೆಯ್ದ ಎರಡು ದೊಡ್ಡ ಚಿತ್ರಪಟಗಳು ತೂಗುತ್ತಿವೆ. ಒಂದರಲ್ಲಿ ಡೆರಿ ನಗರದ ಮುತ್ತಿಗೆ. ಇನ್ನೊಂದರಲ್ಲಿ ಬಾಯ್ನ್ ಯುದ್ಧ. ಹೊಗೆ, ಕುದುರೆ, ನದಿಯ ನೀರು, ನೂಲಿನಲ್ಲಿ ಮೂಡಿದ ಈ ಯುದ್ಧದ ಮುಂದೆ ನಾನು ಬಹಳ ಹೊತ್ತು ನಿಂತೆನು. ಆ ಗದ್ದಲದಲ್ಲಿ ಎಲ್ಲಿಯೋ ಹತ್ತೊಂಬತ್ತು ವರ್ಷದ ಒಬ್ಬ ಪರದೇಶಿ ಹುಡುಗನಿದ್ದನು, ತನ್ನ ದೇವರನ್ನು ತನಗೆ ತೋರಿದಂತೆ ಪೂಜಿಸುವ ಹಕ್ಕಿಗಾಗಿ ಕಾದುತ್ತಿದ್ದನು.

ಇದೇ ಭವನದಲ್ಲಿ, 1792ರ ಫೆಬ್ರವರಿಯಲ್ಲಿ, ಕ್ಯಾಥೊಲಿಕರ ಸಮಿತಿಯು ತಮಗೂ ಪೌರಹಕ್ಕಿನಲ್ಲಿ ಒಂದಷ್ಟು ಪಾಲು ಕೊಡಬೇಕೆಂದು ವಿನಯದಿಂದ ಸಲ್ಲಿಸಿದ ಅರ್ಜಿಯನ್ನು ಸಭೆಯು ತಿರಸ್ಕರಿಸಬೇಕೆಂದು ಸೂಚನೆಯನ್ನು ಮಂಡಿಸಿದವನು ಡೇವಿಡ್ ಲಾ ಟೂಶ್. ಸಭೆಯು ಭಾರಿ ಬಹುಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ಮರುವರ್ಷವೇ ಲಂಡನ್ನಿನ ಒತ್ತಾಯಕ್ಕೆ ಮಣಿದು ಅದೇ ಸಭೆಯು ಕ್ಯಾಥೊಲಿಕರಿಗೆ ಮತದಾನದ ಹಕ್ಕನ್ನು ಕೊಡಬೇಕಾಯಿತೆಂಬುದು ಬೇರೆಯ ಮಾತು. ಮತದ ಕಾರಣದಿಂದ ರಾಜನು ಅಟ್ಟಿದವನ ಮೊಮ್ಮಗನು, ಮತದ ಕಾರಣದಿಂದ ಹೊರಗೆ ನಿಂತವರ ಮುಂದೆ ಬಾಗಿಲನ್ನು ಮುಚ್ಚಿದನು. ಅವನನ್ನು ಕ್ರೂರಿಯೆಂದು ಯಾರೂ ಬಣ್ಣಿಸಿಲ್ಲ. ಸಮಕಾಲೀನರ ದೃಷ್ಟಿಯಲ್ಲಿ ಅವನು ಸತ್ಯಸಂಧನಾದ ವ್ಯವಹಾರಸ್ಥ, ಉದಾರಿ, ಗೌರವಸ್ಥ. ಅಷ್ಟರಿಂದಲೇ ಈ ಸಂಗತಿಯು ನಮ್ಮ ವಿಚಾರಕ್ಕೆ ಹೆಚ್ಚು ಯೋಗ್ಯವಾಗಿದೆ. ಸಜ್ಜನನೂ ತನ್ನ ಅಜ್ಜನ ಕಣ್ಣೀರನ್ನು ಮರೆಯಬಲ್ಲನೆಂದ ಮೇಲೆ, ಈ ಮರೆವು ಒಬ್ಬನ ದೋಷವಲ್ಲ, ಸಮೃದ್ಧಿಯ ಸ್ವಭಾವ.

ಆ ಸಮೃದ್ಧಿಯ ಗುರುತುಗಳು ಡಬ್ಲಿನ್ನಿನ ಸುತ್ತ ಹರಡಿವೆ. ನಗರದ ದಕ್ಷಿಣಕ್ಕೆ ಬೆಟ್ಟದ ತಪ್ಪಲಿನಲ್ಲಿರುವ ಮಾರ್ಲೇ ಭವನವನ್ನು ಈ ಡೇವಿಡ್ಡನು 1764ರಲ್ಲಿ ಕೊಂಡು, ಬಿಷಪ್ಪರ ಮಗಳಾದ ತನ್ನ ಹೆಂಡತಿಯ ತವರಿನ ಹೆಸರನ್ನು ಅದಕ್ಕಿಟ್ಟನು. ಈಗ ಅದು ಸಾರ್ವಜನಿಕ ಉದ್ಯಾನ. ಅವನ ವಿಶಾಲವಾದ ಹುಲ್ಲುಗಾವಲಿನಲ್ಲಿ ಎಲ್ಲ ಮತದವರ ಮಕ್ಕಳೂ ಚೆಂಡಾಡುತ್ತಾರೆ. ವಿಕ್ಲೋ ಪ್ರಾಂತದ ಡೆಲ್ಗನಿಯ ಬಳಿ, ಅವನ ತಂದೆ ಎರಡನೆಯ ಡೇವಿಡ್ ಕಟ್ಟಿಸಿದ ಬೆಲ್‌ವ್ಯೂ ಎಂಬ ಸೌಧವು ತನ್ನ ಗಾಜಿನ ತೋಟಮನೆಗಳಿಂದ ಪ್ರವಾಸಿಗರ ಪ್ರಶಂಸೆಯನ್ನು ಪಡೆದಿದ್ದಿತು. 1950ರ ದಶಕದಲ್ಲಿ ಅದನ್ನು ಕೆಡವಿದರು. ಆ ಸೌಧಕ್ಕೆ ಮುಂದೆ ಒಡೆಯನಾದ ಪೀಟರ್ ಲಾ ಟೂಶ್ 1789ರಲ್ಲಿ ಕಟ್ಟಿಸಿಕೊಟ್ಟ ಡೆಲ್ಗನಿಯ ಚರ್ಚು ಮಾತ್ರ ನಿಂತಿದೆ. ಅದರೊಳಗೆ ಜಾನ್ ಹಿಕಿ ಎಂಬ ಶಿಲ್ಪಿ ಕಡೆದ ಅಮೃತಶಿಲೆಯ ಸ್ಮಾರಕದಲ್ಲಿ ಎರಡನೆಯ ಡೇವಿಡ್ಡನು ತನ್ನ ಕುಟುಂಬದೊಡನೆ ಮೂರ್ತನಾಗಿದ್ದಾನೆ. ಮೂಲಪುರುಷನಿಂದ ಎರಡೇ ತಲೆಮಾರು. ಅಷ್ಟರಲ್ಲಿ ವಲಸೆಗಾರನ ಮನೆಯು ಅಮೃತಶಿಲೆಯನ್ನು ಮುಟ್ಟಿದ್ದಿತು.

ಈ ವಂಶವನ್ನು ಮರೆವಿನ ಕಥೆಯೆಂದು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ನಗರದ ಅಂಚಿನ ಗ್ರ್ಯಾಂಡ್ ಕಾಲುವೆಯ ಮೇಲೆ ಪೋರ್ಟೊಬೆಲ್ಲೊ ಎಂದು ಜನ ಕರೆಯುವ ಸೇತುವೆಯ ನಿಜನಾಮ ಲಾ ಟೂಶ್ ಸೇತುವೆ. ಕಾಲುವೆ ಕಂಪನಿಯ ನಿರ್ದೇಶಕನಾಗಿದ್ದ ವಿಲಿಯಮ್ ಡಿಗ್ಗಸ್ ಲಾ ಟೂಶನ ಹೆಸರು ಅದಕ್ಕಿದೆ. ಅವನು ತಾರುಣ್ಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿ ಬಾಸ್ರಾದಲ್ಲಿದ್ದನು. ಪರ್ಷಿಯನ್ನರು ಆ ಪ್ರಾಂತವನ್ನು ಆಕ್ರಮಿಸಿದ ಕಾಲದಲ್ಲಿ ನೆರೆಯ ಜ಼ುಬೈರಿನ ಅರಬ್ಬರು ಸೆರೆಸಿಕ್ಕು ದಾಸ್ಯಕ್ಕೆ ಮಾರಾಟವಾಗುವಂತಾದಾಗ, ಅವನು ತನ್ನ ಹಣವನ್ನು ತೆತ್ತು ಅವರನ್ನು ಬಿಡಿಸಿದನೆಂದೂ, ಊರಿನ ಕುಟುಂಬಗಳಿಗೆ ಕೋಠಿಯಲ್ಲಿ ಆಶ್ರಯ ಕೊಟ್ಟನೆಂದೂ ವಂಶದ ಚರಿತ್ರೆಯು ಹೇಳುತ್ತದೆ. ಅನ್ಯದೇಶದವರು, ಅನ್ಯಮತದವರು, ಅನ್ಯಭಾಷೆಯವರು ಆದ ಜನಕ್ಕಾಗಿ ವರ್ತಕನು ಗಂಟನ್ನು ಬಿಚ್ಚಿದ ಈ ಕ್ಷಣದಲ್ಲಿ, ಸೈನಿಕರ ಅಲ್ಪಧನವನ್ನು ಕಾಪಾಡಿದ ಮೂಲಪುರುಷನ ಹೃದಯವು ಮತ್ತೆ ಎಚ್ಚತ್ತಂತಾಯಿತು. ಇದೇ ಡಿಗ್ಗಸ್ ಶಾಖೆಯವರು ನಮ್ಮ ದೇಶಕ್ಕೂ ಬಂದರು. ಜೇಮ್ಸ್ ಡಿಗ್ಗಸ್ ಲಾ ಟೂಶ್ 1901ರಿಂದ 1906ರವರೆಗೆ ಲಖನೌ ಅಲಹಾಬಾದುಗಳ ಪ್ರಾಂತಕ್ಕೆ ಲೆಫ್ಟಿನೆಂಟ್ ಗವರ್ನರ್ ಆಗಿದ್ದನು. ಲಖನೌ ನಗರದ ಒಂದು ಬೀದಿಗೆ ಬಹುಕಾಲ ಅವನ ಹೆಸರಿದ್ದಿತು. ಟಾಮಸ್ ಲಾ ಟೂಶ್ ಭೂವಿಜ್ಞಾನಿಯಾಗಿ ಭಾರತದ ಭೂಗರ್ಭ ಸಮೀಕ್ಷೆಯಲ್ಲಿ ದುಡಿದು, ಈ ದೇಶದ ಭೂವಿಜ್ಞಾನದ ಬರಹಗಳಿಗೆಲ್ಲ ಸೂಚಿಯನ್ನು ಸಿದ್ಧಪಡಿಸಿದನು.

ರೋಸ್ ಬೆಳೆದ ಹ್ಯಾರಿಸ್‌ಟೌನ್ ಇರುವುದು ಕಿಲ್ಡೇರ್ ಪ್ರಾಂತದಲ್ಲಿ, ಲಿಫಿ ನದಿಯು ಇನ್ನೂ ಎಳೆಯ ಹೊಳೆಯಾಗಿ ಹರಿಯುವಲ್ಲಿ. 1768ರಲ್ಲಿ ಈ ಜಮೀನನ್ನು ಕೊಂಡಾಗ ಅದರೊಡನೆ ಪಾರ್ಲಿಮೆಂಟಿನ ಸ್ಥಾನಗಳ ಮೇಲಿನ ಹಿಡಿತವೂ ಮನೆತನಕ್ಕೆ ಬಂದಿತು. 1891ರಲ್ಲಿ ಬೆಂಕಿಯಿಂದ ಬೆಂದು ಮತ್ತೆ ಕಟ್ಟಿದ ಮನೆಯನ್ನು ಮರಗಳ ಸಾಲಿನ ಆಚೆಯಿಂದ ಕಾಣಬಹುದು. ರೋಸಳ ತಂದೆ ಜಾನ್ ಲಾ ಟೂಶನನ್ನು ಸುತ್ತಿನ ಜನ ‘ಮಾಸ್ಟರ್’ ಎಂದು ಕರೆಯುತ್ತಿದ್ದರು. 1847ರ ಮಹಾಕ್ಷಾಮದಲ್ಲಿ ತನ್ನ ಮನೆಯಲ್ಲಿ ಬಿಳಿಯ ರೊಟ್ಟಿಯನ್ನೂ ಭಕ್ಷ್ಯಗಳನ್ನೂ ಮಾಡಕೂಡದೆಂದು ಆಜ್ಞೆಮಾಡಿ, ತೋಪಿನ ಜಿಂಕೆಗಳನ್ನು ಕಡಿಸಿ ಬಡವರಿಗೆ ಸಾರು ಕಾಯಿಸಿ ಹಂಚಿಸಿದನೆಂಬ ನೆನಪು ಆ ಸೀಮೆಯಲ್ಲಿ ಇದೆ. ಮುಂದೆ ಅವನು ಸ್ಪರ್ಜನ್ ಎಂಬ ಬೋಧಕನ ಪ್ರಭಾವಕ್ಕೆ ಒಳಗಾಗಿ, ಶ್ರೀಮಂತರ ಚರ್ಚನ್ನು ಬಿಟ್ಟು ಬ್ಯಾಪ್ಟಿಸ್ಟ್ ಪಂಥವನ್ನು ಸೇರಿ, ಬ್ರ್ಯಾನಕ್ಸ್‌ಟೌನಿನಲ್ಲಿ ಆ ಪಂಥಕ್ಕೊಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು. 1861ರಲ್ಲಿ ಇಲ್ಲಿಗೆ ಅತಿಥಿಯಾಗಿ ಬಂದ ರಸ್ಕಿನ್ ಈ ಹೊಳೆಯ ದಡದಲ್ಲಿ ರೋಸಳೊಡನೆ ಅಡ್ಡಾಡಿದನು. ತಂದೆಯ ತೀವ್ರವಾದ ಮತನಿಷ್ಠೆಯು ಮಗಳಲ್ಲಿ ಇನ್ನೂ ತೀವ್ರವಾಗಿ ಉರಿಯಿತು. ರಸ್ಕಿನ್ನನ ಶಿಥಿಲವಾಗುತ್ತಿದ್ದ ಶ್ರದ್ಧೆಯು ಅವರ ನಡುವೆ ನಿಂತ ಅಡ್ಡಗೋಡೆಗಳಲ್ಲಿ ಒಂದಾಯಿತು. ಬ್ಲ್ವಾ ಪಟ್ಟಣದಿಂದ ಹೊರಟ ಒಬ್ಬ ಹುಡುಗನ ವಿಶ್ವಾಸವು, ನಡುವೆ ಬ್ಯಾಂಕಿನ ಲೆಕ್ಕಪುಸ್ತಕಗಳನ್ನೂ ಪಾರ್ಲಿಮೆಂಟಿನ ಪೀಠಗಳನ್ನೂ ಹಾದು, ಕೊನೆಗೆ ಒಬ್ಬ ಹುಡುಗಿಯ ಎದೆಯಲ್ಲಿ ಈ ರೂಪದಿಂದ ಕಾಣಿಸಿಕೊಂಡಿತು.

ರೋಸ್ ತೀರುವುದಕ್ಕೆ ಮೊದಲೇ ಮನೆತನದ ಬ್ಯಾಂಕಿನ ಆಯುಸ್ಸು ಮುಗಿದಿದ್ದಿತು. 1870ರಲ್ಲಿ ಅದು ಮನ್‌ಸ್ಟರ್ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಬ್ಯಾಂಕೂ 1885ರಲ್ಲಿ ಕುಸಿಯಿತು. ಜಮೀನುಗಳು ಹಂಚಿಹೋದುವು, ಸೌಧಗಳು ಕೈಬದಲಿಸಿದುವು. ಎರಡು ನೂರು ವರ್ಷಗಳ ವೈಭವದಲ್ಲಿ ಉಳಿದುದು ಒಂದು ಸೇತುವೆ, ಒಂದು ಉದ್ಯಾನ, ಕೆಲವು ಚರ್ಚುಗಳು, ಮತ್ತು ಹೆನ್ರಿಯೆಟ್ಟಾ ಸ್ಟ್ರೀಟಿನ ಪುಸ್ತಕಗಳಲ್ಲಿ ಅಚ್ಚಳಿಯದ ಹೆಸರು.

ವಂಶವನ್ನು ಹುಡುಕುವ ಈ ಕೆಲಸದಿಂದ ನಾನು ಕಂಡುಕೊಂಡ ತಥ್ಯವನ್ನು ಹೇಳಿ ಮುಗಿಸುತ್ತೇನೆ. ನಾವು ವಂಶಾವಳಿಯೆಂದು ಓದುವುದು ಬಹುಮಟ್ಟಿಗೆ ಆಸ್ತಿಯ ಚರಿತ್ರೆ. ಯಾರ ಹೆಸರು ಉದ್ದವಾಗಿ ಹಿಂದಕ್ಕೆ ಚಾಚುತ್ತದೆಯೋ ಅವರ ರಕ್ತವು ಹೆಚ್ಚು ಪುರಾತನವಾದುದಲ್ಲ. ಅವರಿಗೆ ನೆಲವಿದ್ದಿತು, ಕಾನೂನಿನ ಒತ್ತಾಸೆಯಿದ್ದಿತು, ಅಷ್ಟೆ. ಆದುದರಿಂದ ಪೂರ್ವಿಕರನ್ನು ಅರಸುವವನು ಒಂದು ಹೆಸರನ್ನು ಕಂಡಾಗಲೆಲ್ಲ, ಅದೇ ಪುಟದಲ್ಲಿ ಯಾರ ಹೆಸರು ಇರಬಹುದಾಗಿದ್ದಿತು, ಏಕೆ ಇಲ್ಲ, ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆಯನ್ನು ಕೇಳದ ವಂಶಾಭಿಮಾನವು 1792ರ ಸಭಾಭವನದಲ್ಲಿ ಬಾಗಿಲನ್ನು ಮುಚ್ಚುತ್ತದೆ. ಕೇಳಿಕೊಂಡ ವಂಶಾಭಿಮಾನವು ಬಾಸ್ರಾದಲ್ಲಿ ಗಂಟನ್ನು ಬಿಚ್ಚುತ್ತದೆ. ಎರಡೂ ಒಂದೇ ರಕ್ತದಿಂದ ಬಂದುವೆಂಬುದನ್ನು ಲಾ ಟೂಶರ ಚರಿತ್ರೆಯು ಸಾಕ್ಷ್ಯಸಮೇತವಾಗಿ ತೋರಿಸುತ್ತದೆ. ರಸ್ಕಿನ್ ವರ್ತಕನಿಗೆ ವಿಧಿಸಿದ ಧರ್ಮವನ್ನು ಈ ಮನೆತನದ ಮೂಲಪುರುಷನು ಪುಸ್ತಕದಿಂದ ಕಲಿತವನಲ್ಲ; ನಿರಾಶ್ರಿತನು ನಿರಾಶ್ರಿತರ ಹಣವನ್ನು ಕಾಯುವಾಗ ಅದು ತಾನಾಗಿ ನಡೆದುಹೋಯಿತು. ಆಸ್ತಿಯು ಪಿತ್ರಾರ್ಜಿತವಾಗಿ ಬರಬಹುದು. ಆ ಧರ್ಮವನ್ನು ಮಾತ್ರ ಪ್ರತಿಯೊಂದು ತಲೆಮಾರೂ ಸ್ವಾರ್ಜಿತವಾಗಿಯೇ ಸಂಪಾದಿಸಬೇಕು.